ಕುಂತಿಯ ಗುಟ್ಟು, ಗ್ರಾಮಸಭೆಯ ಮೈಕು

(ವಿಜಯಪುರದ ಮಹಿಳಾ ಕಾಲೇಜೊಂದರ ಕನ್ನಡ ವಿಭಾಗದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕುರುಕ್ಷೇತ್ರದ ಯುದ್ಧ ಮುಗಿದಿದೆ. ಸತ್ತವರಿಗೆ ತರ್ಪಣ ಬಿಡುವ ಹೊತ್ತಿನಲ್ಲಿ ಕುಂತಿ ಬಾಯಿ ತೆರೆದು, ಕರ್ಣನಿಗೂ ನೀರು ಬಿಡಿರಿ, ಅವನು ನಿಮ್ಮ ಹಿರಿಯಣ್ಣ ಎನ್ನುತ್ತಾಳೆ. ಧರ್ಮರಾಯ ಕುದಿದುಹೋಗುತ್ತಾನೆ. ಶಾಂತಿಪರ್ವದ ಆರಂಭದಲ್ಲಿ ಅವನು ಕೊಡುವ ಶಾಪ ನಿಮಗೆಲ್ಲ ಗೊತ್ತಿರುವುದೇ: ಇನ್ನು ಮುಂದೆ ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲದಿರಲಿ. ನಮ್ಮ ಹಳ್ಳಿಗಳ ಕಟ್ಟೆಗಳಲ್ಲಿ ಇಂದಿಗೂ ಈ ಕಥೆಯನ್ನು ಸಾಕ್ಷಿಯಾಗಿ ಮುಂದಿಡುವವರಿದ್ದಾರೆ. ಅದರ ತಮಾಷೆ ಮಾತ್ರ ಅವರ ಕಣ್ಣಿಗೆ ಬೀಳುವುದಿಲ್ಲ. ಕುಂತಿ ಗುಟ್ಟು ಬಿಟ್ಟುಕೊಟ್ಟಳೆಂದು ಧರ್ಮರಾಯ ಸಿಟ್ಟಾಗಲಿಲ್ಲ. ಮದುವೆಗೆ ಮೊದಲಿನ ಸಂಗತಿಯೊಂದನ್ನು, ಮೊಮ್ಮಕ್ಕಳು ಯುದ್ಧದಲ್ಲಿ ಸತ್ತು ಮಲಗುವವರೆಗೂ, ಐವರು ಮಕ್ಕಳಿಗೆ ತಿಳಿಯದಂತೆ ಹೊಟ್ಟೆಯಲ್ಲಿಟ್ಟುಕೊಂಡಳೆಂದು ಸಿಟ್ಟಾದ. ಗುಟ್ಟು ಕಾಯುವುದರಲ್ಲಿ ಅವಳಿಗೆ ಸಮನಾದವರು ಆ ಕಾವ್ಯದಲ್ಲೇ ಕಡಿಮೆ. ಅದಕ್ಕೆ ಸಿಕ್ಕ ಬಹುಮಾನ, ಹೆಂಗಸರಿಗೆ ಗುಟ್ಟು ಕಾಯಲು ಬಾರದು ಎಂಬ ಶಾಶ್ವತ ಹೆಸರು.

ಹೆಂಗಸರ ಮಾತಿನ ಬಗ್ಗೆ ಲೋಕ ಆಡಿಕೊಂಡು ಬಂದ ಮಾತುಗಳಲ್ಲಿ ಇಂಥ ತಲೆಕೆಳಗಾದವು ಬಹಳ. ಹಾಗೆಂದು ಗಂಡು ಹೆಣ್ಣಿನ ಮಾತಿನಲ್ಲಿ ಭೇದವೇ ಇಲ್ಲ ಎಂದು ವಾದಿಸಲು ನಾನು ಬಂದಿಲ್ಲ. ಭೇದವಿದೆ. ಅದನ್ನು ಮಾತನಾಡುವವರ ನಾಲಗೆಯಲ್ಲಿ ಹುಡುಕಿ ಹುಡುಕಿ ವಿದ್ವಾಂಸರು ದಣಿದಿದ್ದಾರೆ. ಎದುರಿಗೆ ಕೇಳುತ್ತಿರುವವರು ಯಾರು, ಮಾತು ನಡೆಯುತ್ತಿರುವ ಜಾಗ ಯಾವುದು ಎಂದು ನೋಡಿದರೆ ಹೆಚ್ಚು ಬೇಗ ಸಿಗುತ್ತದೆ. ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಅದಕ್ಕೆ ಉದಾಹರಣೆ.

ಮೊದಲು ಲೆಕ್ಕದ ಮಾತು ಮುಗಿಸಿಬಿಡೋಣ. 2006ರಲ್ಲಿ ಅಮೆರಿಕದ ಮನೋವೈದ್ಯೆಯೊಬ್ಬರು ತಮ್ಮ ಪುಸ್ತಕದಲ್ಲಿ, ಹೆಂಗಸು ದಿನಕ್ಕೆ 20,000 ಪದ ಆಡಿದರೆ ಗಂಡಸು ಆಡುವುದು 7,000 ಎಂದು ಬರೆದರು. ಪತ್ರಿಕೆಗಳು ಅದನ್ನು ಖುಷಿಯಿಂದ ಹಂಚಿದವು. ಆ ಸಂಖ್ಯೆಗಳ ಹಿಂದೆ ಅಳತೆಯೇ ಇರಲಿಲ್ಲ. ಮರುವರ್ಷ ಮಥಾಯಸ್ ಮೆಹ್ಲ್ ಮತ್ತು ಸಂಗಡಿಗರು, ಅಮೆರಿಕ ಮತ್ತು ಮೆಕ್ಸಿಕೋದ 396 ವಿದ್ಯಾರ್ಥಿಗಳ ಮೈಮೇಲೆ ಸಣ್ಣ ಧ್ವನಿಮುದ್ರಕ ಇಟ್ಟು ಪಡೆದ ದಾಖಲೆಗಳನ್ನು ಎಣಿಸಿ ಪ್ರಕಟಿಸಿದರು. ಹುಡುಗಿಯರ ಸರಾಸರಿ 16,215 ಪದ, ಹುಡುಗರದು 15,669. ಸಂಖ್ಯಾಶಾಸ್ತ್ರದ ಪ್ರಕಾರ ಇದು ಲೆಕ್ಕಕ್ಕೆ ಹಿಡಿಯುವಷ್ಟು ವ್ಯತ್ಯಾಸವಲ್ಲ. 2025ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು ಇದೇ ಕೆಲಸ ಮತ್ತೆ ನಡೆಯಿತು. ಆಗ ಒಂದು ಸ್ವಾರಸ್ಯ ಕಂಡಿತು: ಹರೆಯದವರಲ್ಲೂ ಮುದುಕರಲ್ಲೂ ಹೇಳಿಕೊಳ್ಳುವಂಥ ಅಂತರವಿಲ್ಲ, 25ರಿಂದ 64ರ ನಡುವಿನ ಹೆಂಗಸರು ಮಾತ್ರ ಅದೇ ವಯಸ್ಸಿನ ಗಂಡಸರಿಗಿಂತ ದಿನಕ್ಕೆ ಮೂರು ಸಾವಿರ ಪದದಷ್ಟು ಹೆಚ್ಚು ಆಡುತ್ತಾರೆ. ಮಕ್ಕಳನ್ನು ಎಬ್ಬಿಸುವ, ಉಣ್ಣಿಸುವ, ಓದಿಸುವ, ಅತ್ತೆಗೆ ಮಾತ್ರೆ ನೆನಪಿಸುವ ವಯಸ್ಸು ಅದು. ಆ ಮೂರು ಸಾವಿರದಲ್ಲಿ ಹರಟೆ ಎಷ್ಟು, ಮನೆಗೆಲಸ ಎಷ್ಟು ಎಂದು ಇನ್ನು ಯಾರಾದರೂ ಬೇರ್ಪಡಿಸಿ ನೋಡಬೇಕು.

ಎಷ್ಟು ಎನ್ನುವುದಕ್ಕಿಂತ ಹೇಗೆ ಎನ್ನುವುದು ಹೆಚ್ಚು ಕುತೂಹಲದ ಪ್ರಶ್ನೆ. ಅದನ್ನು ಗಂಭೀರವಾಗಿ ಎತ್ತಿದವರು ಕ್ಯಾಲಿಫೋರ್ನಿಯಾದ ಭಾಷಾವಿಜ್ಞಾನಿ ರಾಬಿನ್ ಲೇಕಾಫ್. 1973ರ ಲೇಖನದಲ್ಲಿ, ಆಮೇಲೆ 1975ರ ಪುಸ್ತಕದಲ್ಲಿ, ಹೆಂಗಸರ ಇಂಗ್ಲಿಷಿಗೆ ಕೆಲವು ಗುರುತುಗಳಿವೆ ಎಂದರು: ವಾಕ್ಯದ ಕೊನೆಗೆ 'ಅಲ್ಲವೇ?' ಎಂದು ಒಪ್ಪಿಗೆ ಕೇಳುವುದು, ನಡುವೆ 'ಬಹುಶಃ', 'ಅನಿಸುತ್ತದೆ' ಎಂದು ಸಡಿಲ ಬಿಡುವುದು, ಅತಿಯಾದ ವಿನಯ, ಬಣ್ಣಗಳಿಗೆ ನವಿರಾದ ಹೆಸರುಗಳು. ಹುಡುಗಿಯನ್ನು ಹೀಗೆ ಮಾತನಾಡಲು ಬೆಳೆಸುತ್ತಾರೆ, ಆಮೇಲೆ ನಿನಗೆ ಗಟ್ಟಿಯಾಗಿ ಮಾತನಾಡಲು ಬರುವುದಿಲ್ಲ ಎಂದು ಜರೆಯುತ್ತಾರೆ ಎನ್ನುವುದು ಅವರ ವಾದ. ಆ ಪುಸ್ತಕದಲ್ಲಿ ಅಂಕಿಸಂಖ್ಯೆ ಇಲ್ಲ; ತಮ್ಮ ಮತ್ತು ತಮ್ಮ ಪರಿಚಿತರ ಮಾತನ್ನು ಗಮನಿಸಿ ಬರೆದದ್ದು. ಹಾಗಾಗಿ ಎಲ್ಲರೂ ಪರೀಕ್ಷೆಗೆ ಇಳಿದರು.

ಆ ಪರೀಕ್ಷೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ವಿಲಿಯಂ ಓಬಾರ್ ಮತ್ತು ಬೋಮನ್ ಆಟ್ಕಿನ್ಸ್ ಮಾಡಿದ್ದು. ಅವರು ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ನ್ಯಾಯಾಲಯಗಳಲ್ಲಿ ಸಾಕ್ಷಿ ಹೇಳಿದವರ ಮಾತನ್ನು ಮುದ್ರಿಸಿಕೊಂಡು ಲೇಕಾಫ್ ಹೇಳಿದ ಗುರುತುಗಳನ್ನು ಹುಡುಕಿದರು. 1980ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಪರಿಣತ ಸಾಕ್ಷಿಗಳಾಗಿ ಬಂದ ಹೆಂಗಸರ ಮಾತಿನಲ್ಲಿ ಆ ಗುರುತುಗಳು ಇಲ್ಲವೆನ್ನುವಷ್ಟು ಕಡಿಮೆ, ಸಮಾಜದಲ್ಲಿ ಕೆಳಗಿನ ಮೆಟ್ಟಿಲಲ್ಲಿದ್ದ, ಕೋರ್ಟಿನ ಪರಿಚಯವಿಲ್ಲದ ಗಂಡಸರ ಮಾತಿನ ತುಂಬ ಅವೇ. ಇದು ಹೆಂಗಸರ ಭಾಷೆಯಲ್ಲ, ಅಧಿಕಾರವಿಲ್ಲದವರ ಭಾಷೆ ಎಂದು ಅವರು ಹೆಸರು ಬದಲಿಸಿದರು.

ಇದನ್ನು ನೋಡಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಸಿಂದಗಿಯಲ್ಲೋ ಮುಧೋಳದಲ್ಲೋ ತಹಶೀಲ್ದಾರರ ಕಚೇರಿಯ ಮುಂದೆ ಅರ್ಧ ತಾಸು ನಿಲ್ಲಿರಿ. ಪಹಣಿ ತಿದ್ದುಪಡಿಗೆಂದು ಬಂದ ಹಿರಿಯ ರೈತ, ಪೇಟ ತೆಗೆದು ಕೈಯಲ್ಲಿ ಹಿಡಿದು, 'ಸಾಹೇಬರೇ, ತಪ್ಪು ತಿಳಿಯಬಾರದು, ಒಂದು ಮಾತು ಕೇಳಲೇ? ಅದೇನೋ ಸ್ವಲ್ಪ ಹೆಚ್ಚುಕಡಿಮೆ ಆಗಿದೆ ಅನಿಸುತ್ತದೆ' ಎನ್ನುತ್ತಾನೆ. ಅವನ ಜಮೀನು ನಾಲ್ಕು ಎಕರೆ ಬೇರೆಯವರ ಹೆಸರಿಗೆ ಹೋಗಿದೆ. ಅದು 'ಸ್ವಲ್ಪ ಹೆಚ್ಚುಕಡಿಮೆ'. ಲೇಕಾಫ್ ಪಟ್ಟಿಯ ಎಲ್ಲ ಗುರುತುಗಳೂ ಅವನ ಒಂದೇ ಉಸಿರಿನಲ್ಲಿವೆ. ಇದೇ ಮನುಷ್ಯ ಸಂಜೆ ಮನೆಗೆ ಹೋಗಿ ಪಡಸಾಲೆಯಲ್ಲಿ ಕುಳಿತು ನೀರು ಕೇಳುವ ದನಿಯಲ್ಲಿ 'ಅನಿಸುತ್ತದೆ' ಇರುವುದಿಲ್ಲ.

ಮಾತಿನ ನಡುವೆ ಬಾಯಿ ಹಾಕುವುದರ ಬಗ್ಗೆಯೂ ಒಂದು ಪ್ರಸಿದ್ಧ ಅಧ್ಯಯನವಿದೆ. 1975ರಲ್ಲಿ ಝಿಮ್ಮರ್‌ಮನ್ ಮತ್ತು ವೆಸ್ಟ್, ಗಂಡು ಹೆಣ್ಣು ಸೇರಿದ ಮಾತುಕತೆಗಳಲ್ಲಿ ಅಡ್ಡ ಬಂದದ್ದು 48 ಸಲ, ಅದರಲ್ಲಿ 46 ಸಲ ಗಂಡಸರೇ ಎಂದು ತೋರಿಸಿದರು. ಅವರು ನೋಡಿದ ಅಂಥ ಮಾತುಕತೆಗಳು 11 ಮಾತ್ರ. ಆಮೇಲಿನ ಅಧ್ಯಯನಗಳಲ್ಲಿ ಚಿತ್ರ ಇಷ್ಟು ಸಾಫಾಗಿ ಬರಲಿಲ್ಲ. ಅದನ್ನು ವೇದವಾಕ್ಯವೆಂದು ಉದ್ಧರಿಸುವುದನ್ನು ನಾವು ಬಿಡಬೇಕು.

ಈಗ ನಮ್ಮ ಭಾಷೆಗೆ ಬರೋಣ. ಕನ್ನಡದ ವ್ಯಾಕರಣಕ್ಕೆ ಮಾತನಾಡುವವರು ಗಂಡೋ ಹೆಣ್ಣೋ ಎಂಬ ಚಿಂತೆಯೇ ಇಲ್ಲ. ನಾನು ಬಂದೆ, ನಾನು ಹೋಗುತ್ತೇನೆ: ಯಾರು ಬೇಕಾದರೂ ಹೇಳಬಹುದು. ಪಕ್ಕದ ಮರಾಠಿ ಹಾಗಲ್ಲ. ಅಲ್ಲಿ ಗಂಡಸು 'ಮೀ ಜಾತೋ' ಎನ್ನಬೇಕು, ಹೆಂಗಸು 'ಮೀ ಜಾತೇ' ಎನ್ನಬೇಕು. ಬಾಯಿ ತೆರೆದಾಗಲೆಲ್ಲ ತನ್ನ ಲಿಂಗವನ್ನು ಸಾರಿಕೊಂಡೇ ಮುಂದೆ ಸಾಗಬೇಕು. ಬೆಳಗಾವಿಯ ಎಷ್ಟೋ ಮನೆಗಳಲ್ಲಿ ಒಬ್ಬಳೇ ಹೆಂಗಸು ಅಡುಗೆಮನೆಯಲ್ಲಿ ಮರಾಠಿ, ಅಂಗಳದಲ್ಲಿ ಕನ್ನಡ ಆಡುತ್ತಾಳೆ. ಒಳಗೆ ಅವಳ ಕ್ರಿಯಾಪದ ಹೆಣ್ಣು, ಹೊಸ್ತಿಲು ದಾಟಿದರೆ ಅದಕ್ಕೆ ಲಿಂಗವಿಲ್ಲ. ಇನ್ನೂ ಒಂದು ಮೋಜೆಂದರೆ, ಕೊಲ್ಹಾಪುರದ ಕಡೆಯ ಹುಡುಗಿಯರು ಮರಾಠಿಯಲ್ಲೇ 'ಮೀ ಜಾತೋ' ಎಂದು ಗಂಡಿನ ರೂಪ ಬಳಸುತ್ತಾರೆ. ಪುಣೆಯವರು ಅದನ್ನು ಕೇಳಿ ನಗುತ್ತಾರೆ, ಕೊಲ್ಹಾಪುರದವರು ತಲೆ ಕೆಡಿಸಿಕೊಳ್ಳುವುದಿಲ್ಲ. ಅಂದಹಾಗೆ, ನನ್ನ ಈ ಉಪನ್ಯಾಸ ಅಚ್ಚಾದ ಮೇಲೆ ಹೆಸರು ಮುಚ್ಚಿ ಓದಿದರೆ ಇದನ್ನು ಆಡಿದ್ದು ಹೆಣ್ಣೋ ಗಂಡೋ ಎಂದು ನಿಮಗೆ ತಿಳಿಯದು. ಮರಾಠಿಗೆ ಅನುವಾದಿಸಿದರೆ ಎರಡನೆಯ ಪುಟಕ್ಕೇ ಗುಟ್ಟು ರಟ್ಟು.

ಆದರೆ ಕೇಳುವವರ ಲಿಂಗವನ್ನು ಕನ್ನಡ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಬಾರೋ, ಬಾರೇ, ಏನೋ, ಏನೇ, ಹೋಗೋ, ಹೋಗೇ. ನಮ್ಮ ಈ ಕಡೆಯ ಜಿಲ್ಲೆಗಳಲ್ಲಿ ಇದಕ್ಕೆ ಯಪ್ಪಾ, ಯವ್ವಾ, ತಮ್ಮಾ, ತಂಗೀ ಎಂಬ ಬಾಲಗಳೂ ಸೇರುತ್ತವೆ. ಗುರುತಿಲ್ಲದವರನ್ನು ಕೂಡ ಒಂದು ನೆಂಟಸ್ತಿಕೆಯ ಹೆಸರಿಲ್ಲದೆ ಮಾತನಾಡಿಸುವುದು ಇಲ್ಲಿ ಒರಟುತನ. ಈಗ ಇದನ್ನು ಗಮನಿಸಿ: ಮಾತು ಬಹುವಚನಕ್ಕೆ ಏರಿದೊಡನೆ ಓ, ಏ ಎಂಬ ಭೇದ ಮಾಯವಾಗುತ್ತದೆ. 'ಬನ್ನಿರಿ' ಎನ್ನುವುದು ಗಂಡಸಿಗೂ ಹೆಂಗಸಿಗೂ ಒಂದೇ. ನಮ್ಮ ವ್ಯಾಕರಣದಲ್ಲಿ ಸಲಿಗೆಗೆ ಲಿಂಗವಿದೆ, ಮರ್ಯಾದೆಗೆ ಇಲ್ಲ. ಹೆಂಡತಿ ಗಂಡನಿಗೆ 'ರೀ' ಎನ್ನುವ, ಗಂಡ ಹೆಂಡತಿಗೆ ಏಕವಚನ ಬಳಸುವ ಮನೆಯಲ್ಲಿ ಇದರ ಫಲ ಏನು? ಗಂಡಸಿಗೆ ಬರುವ ಮಾತಿನಲ್ಲಿ ಅವನ ಗಂಡುತನ ನಮೂದಾಗುವುದಿಲ್ಲ, ಹೆಂಗಸಿಗೆ ಬರುವ ಮಾತಿನಲ್ಲಿ ಅವಳ ಹೆಣ್ಣುತನ ದಿನಕ್ಕೆ ನೂರು ಸಲ ನಮೂದಾಗುತ್ತದೆ. ಹವ್ಯಕ ಕನ್ನಡದಲ್ಲಿ ಹೆಣ್ಣನ್ನು 'ಅದು' ಎಂದೇ ಹೇಳುವ ರೂಢಿ ಇದೆ. ತೆಲುಗಿನ ಏಕವಚನದ ಕ್ರಿಯಾಪದವೂ ಹೆಣ್ಣಿಗೂ ವಸ್ತುವಿಗೂ ಒಂದೇ. ಇದರಿಂದ ಅವರ ಮನೆಗಳಲ್ಲಿ ಹೆಂಗಸರ ಸ್ಥಾನ ನಮ್ಮಲ್ಲಿಗಿಂತ ಕೀಳು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವ್ಯಾಕರಣದ ಕೋಷ್ಟಕ ನೋಡಿ ಸಮಾಜದ ಜಾತಕ ಬರೆಯಲಾಗುವುದಿಲ್ಲ. ಯಾರು ಯಾರಿಗೆ ಯಾವ ರೂಪ ಬಳಸುತ್ತಾರೆ ಎಂಬ ಬಳಕೆಯ ಲೆಕ್ಕ ಬೇಕು.

ಬಳಕೆಯ ಮಾತು ಬಂದಾಗ, ಹೆಸರು ಹೇಳುವ ವಿಷಯ ಬಿಡುವಂತಿಲ್ಲ. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದೆಂಬ ಕಟ್ಟಳೆ ನಿಮ್ಮ ಅಜ್ಜಿಯರ ಕಾಲದಲ್ಲಿ ಬಿಗಿಯಾಗಿತ್ತು, ಈಗಲೂ ಪೂರ್ತಿ ಸಡಿಲವಾಗಿಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಚೀಟಿ ಬರೆಸುವಾಗ ಗಂಡನ ಹೆಸರು ಕೇಳಿದರೆ ಪಕ್ಕದವಳ ಕಡೆ ನೋಡುವ ಮುದುಕಿಯರನ್ನು ನೀವು ಕಂಡಿದ್ದೀರಿ. ದಕ್ಷಿಣ ಆಫ್ರಿಕದ ಝುಲು ಮತ್ತು ಖೋಸಾ ಜನರಲ್ಲಿ ಇದು ಇನ್ನೂ ಮುಂದೆ ಹೋಗಿದೆ. ಅಲ್ಲಿ ಸೊಸೆ ಮಾವನ ಹೆಸರನ್ನಷ್ಟೇ ಅಲ್ಲ, ಆ ಹೆಸರಿನ ಅಕ್ಷರಗಳು ಬರುವ ಬೇರೆ ಪದಗಳನ್ನೂ ತಪ್ಪಿಸಬೇಕು. ಹೀಗೆ ತಪ್ಪಿಸುವುದಕ್ಕೆಂದು ಹೆಂಗಸರು ಕಟ್ಟಿಕೊಂಡ ಬದಲಿ ಪದಗಳದೇ ಒಂದು ಸಂಗ್ರಹವಿದೆ.

ನಮ್ಮಲ್ಲಿ ಹೆಂಗಸರು ಈ ಕಟ್ಟಳೆಯಿಂದ ಒಂದು ಆಟ ಹುಟ್ಟಿಸಿದರು, ಅದೇ ಒಡಪು. ಮದುಮಗಳು ಹೊಸ್ತಿಲ ಮುಂದೆ ನಿಂತಿದ್ದಾಳೆ, ನಾದಿನಿಯರು ಬಾಗಿಲು ಅಡ್ಡಗಟ್ಟಿದ್ದಾರೆ, ಹೆಸರು ಹೇಳಿದ ಹೊರತು ಬಿಡುವುದಿಲ್ಲ. ಅವಳು ಪ್ರಾಸ ಕಟ್ಟಿ ಅದರ ನಡುವೆ ಹೆಸರನ್ನು ಹೆಣೆದು ಹೇಳಬೇಕು. ಮಾದರಿಗೆ ನಾನೇ ಒಂದನ್ನು ಕಟ್ಟಿ ತಂದಿದ್ದೇನೆ:

ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಉತ್ತರ,
ಶಿವಾನಂದರ ಹೆಸರು ಹೇಳಿಸಲು ನಿಮಗೇಕೆ ಇಷ್ಟು ಆತುರ?

(ಸಭೆಯಲ್ಲಿ ನಗು. ಇದಕ್ಕಿಂತ ಚೆನ್ನಾಗಿ ಕಟ್ಟುವವರು ಎರಡನೆಯ ಸಾಲಿನಲ್ಲೇ ಕುಳಿತಿದ್ದರೆಂದು ಆಮೇಲೆ ತಿಳಿಯಿತು.)

ಇಲ್ಲಿ ಏನು ನಡೆಯಿತು ನೋಡಿ. ದಿನದ ಮಾತಿನಲ್ಲಿ ಹೇಳಬಾರದ ಹೆಸರನ್ನು ಪದ್ಯದಲ್ಲಿ ಹೇಳಬಹುದು, ಹೇಳಲೇಬೇಕು, ಅದೂ ನೆರೆದವರೆಲ್ಲರ ಎದುರಿಗೆ. ಬಾಯಿ ಕಟ್ಟಿದ ನಿಯಮವೇ ಅವಳನ್ನು ಆಶುಕವಿ ಮಾಡುತ್ತದೆ. ಮರಾಠಿಯಲ್ಲಿ ಇದನ್ನೇ ಉಖಾಣೆ ಎನ್ನುತ್ತಾರೆ. ಬೆಳಗಾವಿಯ ಮದುವೆಗಳಲ್ಲಿ ಎರಡೂ ಭಾಷೆಯವು ಒಂದರ ಹಿಂದೊಂದು ಬರುತ್ತವೆ. ಒಡಪಿನಲ್ಲಿ ಅತ್ತೆಯ ಮನೆಗೆ ಸಣ್ಣ ಚುಚ್ಚುಮಾತು ಸೇರಿಸಿದರೂ ಯಾರೂ ಸಿಟ್ಟಾಗುವಂತಿಲ್ಲ. ಇತ್ತೀಚೆಗೆ ಮದುಮಗನಿಂದಲೂ ಹೆಸರು ಹೇಳಿಸುತ್ತಾರೆ. ಅವನಿಗೆ ಹೆಂಡತಿಯ ಹೆಸರಿನ ಮೇಲೆ ಯಾವ ನಿಷೇಧವೂ ಇಲ್ಲವಾದ್ದರಿಂದ ಅವನ ಒಡಪಿನಲ್ಲಿ ಬಿಗಿ ಇರುವುದಿಲ್ಲ. ಬಹುತೇಕ ಮೊಬೈಲ್ ನೋಡಿ ಓದುತ್ತಾನೆ.

ಈ ಹಿನ್ನೆಲೆಯಲ್ಲಿ ಆಯ್ದಕ್ಕಿ ಲಕ್ಕಮ್ಮನನ್ನು ಓದಬೇಕು. ಹನ್ನೆರಡನೆಯ ಶತಮಾನ. ಗಂಡ ಮಾರಯ್ಯ ದಿನದ ಕಾಯಕಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅವಳು ಹೇಳುತ್ತಾಳೆ: 'ಆಸೆಯೆಂಬುದು ಅರಸಿಂಗಲ್ಲದೆ, ಶಿವಭಕ್ತರಿಗುಂಟೆ ಅಯ್ಯಾ?' ಪ್ರಶ್ನೆಯ ರೂಪವಿದೆ, ವಿನಯದ 'ಅಯ್ಯಾ' ಇದೆ. ಲೇಕಾಫ್ ಪಟ್ಟಿ ಹಿಡಿದು ಕುಳಿತರೆ ಇದು ಹಿಂಜರಿಕೆಯ ಮಾತು ಎಂದು ಗುರುತು ಹಾಕಬೇಕಾಗುತ್ತದೆ. ಮುಂದೆ 'ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ' ಎನ್ನುವಾಗ ಆ ಪಟ್ಟಿ ಕೈಯಿಂದ ಜಾರುತ್ತದೆ. ಪ್ರಶ್ನೆಯೇ ಅವಳ ಕೈಯಲ್ಲಿ ಚಾಟಿ. ಅದರ ಮೇಲೆ ಅವಳ ಅಂಕಿತ ನೋಡಿ: ಮಾರಯ್ಯಪ್ರಿಯ ಅಮರೇಶ್ವರಲಿಂಗ. ಗಂಡನ ಹೆಸರು ಹೇಳಬಾರದೆಂದು ಹೆಂಗಸರ ಬಾಯಿ ಕಟ್ಟಿದ ನಾಡಿನಲ್ಲಿ ಅವಳ ಪ್ರತಿ ವಚನದ ಕೊನೆಗೆ ಗಂಡನ ಹೆಸರಿದೆ. ಮೋಳಿಗೆಯ ಮಹಾದೇವಿಯ ಅಂಕಿತ 'ಎನ್ನಯ್ಯಪ್ರಿಯ' ಎಂದು ಆರಂಭವಾಗುತ್ತದೆ, ಅಲ್ಲಿ ಹೆಸರಿಲ್ಲ. ಇಬ್ಬರೂ ಶರಣೆಯರೇ, ಇಬ್ಬರೂ ಗಂಡನಿಗೆ ತತ್ವ ಹೇಳಿದವರೇ. ಹೆಂಗಸರ ಭಾಷೆ ಎಂದು ಒಂದೇ ಚೀಲದಲ್ಲಿ ತುಂಬುವವರಿಗೆ ಈ ಎರಡು ಅಂಕಿತಗಳನ್ನು ತೋರಿಸಬೇಕು. ಫ.ಗು. ಹಳಕಟ್ಟಿಯವರು ಇದೇ ಊರಿನಲ್ಲಿ ಕುಳಿತು ತಾಳೆಗರಿಯ ವಚನಗಳನ್ನು ಅಚ್ಚಿಗೆ ತಂದರು. ಇಂಥ ಮಾತು ನಮ್ಮ ಕೈಗೆ ಬಂದದ್ದು ಆ ಬಗೆಯ ದುಡಿಮೆಯಿಂದ.

ಬೀಸುವ ಕಲ್ಲಿನ ಹಾಡುಗಳನ್ನು ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಗರತಿಯ ಹಾಡು ಎಂದು ಪ್ರಕಟಿಸಿದ್ದು ನಿಮಗೆ ಪಠ್ಯದಿಂದ ಗೊತ್ತು. ಸಂಗ್ರಹಿಸಿದವರು ಗಂಡಸರು. ಅವರಿಗೆ ನಾವು ಋಣಿಗಳು, ಅನುಮಾನವಿಲ್ಲ. ಆದರೆ ಪುಸ್ತಕದ ಹೆಸರಿನಲ್ಲೇ 'ಗರತಿ' ಇದೆ. ಗಂಡಸರ ಮುಂದೆ ಹಾ‌ಡಲಾಗದ, ಹೆಂಗಸರ ನಡುವೆ ಮಾತ್ರ ನಡೆಯುವ ಹಾಡುಗಳೂ ಇರುತ್ತವೆ. ಮದುವೆ ಮನೆಯ ಹಿತ್ತಲಲ್ಲಿ ಬೀಗರನ್ನು ಹಂಗಿಸುವ ಹಾಡು ಕೇಳಿದವರಿಗೆ, ಹೆಂಗಸರ ಭಾಷೆ ಎಂದರೆ ನಯ ನಾಜೂಕು ಎಂಬ ನಂಬಿಕೆ ಉಳಿಯುವುದಿಲ್ಲ. ಕೇಳುವವರು ಬದಲಾದರೆ ಹಾಡು ಬದಲಾಗುತ್ತದೆ.

ಇನ್ನು ಹರದೇಶಿ ನಾಗೇಶಿ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ರಾತ್ರಿಯಿಡೀ ದಪ್ಪು ತುಂತುಣಿ ಹಿಡಿದು ವಾದ ಮಾಡುವ ಮೇಳಗಳನ್ನು ಬೇರೆ ನಾಡಿನ ಭಾಷಾವಿಜ್ಞಾನಿಗಳು ಕಂಡಿದ್ದರೆ ಎಷ್ಟು ಪ್ರಬಂಧ ಬರೆಯುತ್ತಿದ್ದರೋ! ಹರದೇಶಿಯವರು ಗಂಡಿನ ಪಕ್ಷ, ನಾಗೇಶಿಯವರು ಹೆಣ್ಣಿನ ಪಕ್ಷ. ಹೆಣ್ಣಿನ ಪಕ್ಷವನ್ನು ಗಂಡಸರೇ ಹಾಡುವುದೂ ಉಂಟು. ಹೆಂಗಸರ ಮೇಳ ಎದುರಿಗೆ ಬಂದಾಗ ಜಾತ್ರೆಯ ಜನ ಜಾಸ್ತಿ. ಹಾಡುಗಾರ್ತಿ ಪುರಾಣದಿಂದ ಪ್ರಶ್ನೆ ಎತ್ತಿ, ಉತ್ತರ ಹೇಳು, ಇಲ್ಲದಿದ್ದರೆ ದಪ್ಪು ಕೆಳಗಿಡು ಎಂದು ಗಂಡಸನ್ನು ಏಕವಚನದಲ್ಲಿ ಸವಾಲು ಹಾಕುತ್ತಾಳೆ. ಅವಳ ಮಾತಿನಲ್ಲಿ 'ಬಹುಶಃ' ಇಲ್ಲ. ಬೆಳಗಾದ ಮೇಲೆ ಅದೇ ಹೆಂಗಸು ಬಸ್ ನಿಲ್ದಾಣದಲ್ಲಿ ಕಂಡಕ್ಟರಿಗೆ 'ಅಣ್ಣಾ, ಇಳಿಯುವ ಊರು ಬಂದಾಗ ಸ್ವಲ್ಪ ಹೇಳುತ್ತೀರಾ?' ಎಂದು ಕೇಳುತ್ತಾಳೆ. ವೇದಿಕೆ ಕೊಟ್ಟ ಹಕ್ಕು ಬಸ್ಸಿನಲ್ಲಿ ಇಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತು.

ಬೈಗುಳದ ಬಗ್ಗೆ ಎರಡು ಮಾತು. ಪ್ರಾಂಶುಪಾಲರು ಕುಳಿತಿರುವುದರಿಂದ ಎರಡೇ. ಗಂಡಸರ ಬೈಗುಳ ಎದುರಾಳಿಯ ಮನೆಯ ಹೆಂಗಸರ ಮೇಲೆ ಹೋಗುತ್ತದೆ. ಜಗಳ ಗಂಡಸರದು, ಏಟು ಅಲ್ಲಿಲ್ಲದ ತಾಯಿಗೆ. ಹೆಂಗಸರೂ ಅದನ್ನು ಬೈಯುತ್ತಾರೆ, ಆದರೆ ಅವರ ಕೈಯಲ್ಲಿ ಹೆಚ್ಚಾಗಿ ಓಡಾಡುವುದು ಶಾಪ: ನಿನ್ನ ಮನೆ ಹಾಳಾಗಲಿ, ನಿನ್ನ ಬಾಯಲ್ಲಿ ಮಣ್ಣು ಬೀಳಲಿ. ಆಗಲಿ, ಬೀಳಲಿ ಎಂಬ ಈ ರೂಪದಲ್ಲಿ ಕೆಲಸವನ್ನು ಮಾಡುವವರು ಯಾರೆಂದು ಹೇಳುವುದಿಲ್ಲ. ದೇವರೋ ಕಾಲವೋ ನೋಡಿಕೊಳ್ಳಲಿ ಎಂದು ಬಿಟ್ಟುಕೊಡುವುದು. ಕೈ ಎತ್ತಲು ಅವಕಾಶವಿದ್ದವರಿಗೆ ಈ ರೂಪ ಅಷ್ಟಾಗಿ ಬೇಕಾಗುವುದಿಲ್ಲ. ಸತ್ತಾಗ ಹಾಡಾಡಿಕೊಂಡು ಅಳುವುದೂ ಹೆಂಗಸರದೇ. ಸತ್ತವನ ಗುಣಗಳನ್ನು ಎಣಿಸುತ್ತ, ನಡುವೆ, ಔಷಧಕ್ಕೆ ಹಣ ಕೊಡದ ಮೈದುನನ ಹೆಸರು, ಪಾಲು ಕೊಡದ ಭಾವನ ಹೆಸರು ಬಂದುಹೋಗುತ್ತವೆ. ಅಳುವವಳ ಬಾಯಿ ಮುಚ್ಚಿಸುವ ಧೈರ್ಯ ಯಾವ ಹಿರಿಯನಿಗೂ ಇರುವುದಿಲ್ಲ. ಪಂಚಾಯಿತಿ ಕಟ್ಟೆಯಲ್ಲಿ ಜಾಗ ಸಿಗದ ಫಿರ್ಯಾದು ಹೆಣದ ಮುಂದೆ ದಾಖಲಾಗುತ್ತದೆ.

ಇನ್ನೊಂದು ಕಡೆಯಿಂದ ನೋಡೋಣ. ಶಿಷ್ಟ ಭಾಷೆ ಯಾರದು? ಸಂಸ್ಕೃತ ನಾಟಕಗಳಲ್ಲಿ ರಾಜ ಸಂಸ್ಕೃತ ಆಡುತ್ತಾನೆ, ರಾಣಿ ಪ್ರಾಕೃತ ಆಡುತ್ತಾಳೆ, ಶಕುಂತಲೆಯದು ಶೌರಸೇನಿ ಎಂಬ ಪ್ರಾಕೃತ. ಇದರಿಂದ ಪ್ರಾಕೃತ ಹೆಂಗಸರ ಭಾಷೆ ಎಂದು ಅವಸರಪಡಬೇಡಿ, ಬ್ರಾಹ್ಮಣನಾದ ವಿದೂಷಕನೂ ಪ್ರಾಕೃತವನ್ನೇ ಆಡುತ್ತಾನೆ. ಮತ್ತು ಕಾಳಿದಾಸನ ಮಾಲವಿಕಾಗ್ನಿಮಿತ್ರ ನಾಟಕದಲ್ಲಿ ಕೌಶಿಕಿ ಎಂಬ ಪರಿವ್ರಾಜಿಕೆ, ಅಂದರೆ ಸನ್ಯಾಸಿನಿ, ಇದ್ದಾಳೆ. ಓದಿದವಳು, ನಾಟ್ಯಸ್ಪರ್ಧೆಗೆ ತೀರ್ಪುಗಾರ್ತಿ. ಅವಳು ಸಂಸ್ಕೃತ ಆಡುತ್ತಾಳೆ. ಕಾಳಿದಾಸನ ಕಿವಿ ನಾರ್ತ್ ಕ್ಯಾರೊಲಿನಾದ ಸಂಶೋಧಕರ ಯಂತ್ರದಷ್ಟೇ ಸೂಕ್ಷ್ಮವಾಗಿತ್ತು.

ಪಶ್ಚಿಮದ ನಗರಗಳಲ್ಲಿ ಇದು ತಿರುವುಮುರುವು. ಭಾಷಾವಿಜ್ಞಾನಿ ಪೀಟರ್ ಟ್ರಡ್ಗಿಲ್ ಇಂಗ್ಲೆಂಡಿನ ನಾರಿಚ್ ಊರಿನ ಬಗ್ಗೆ ಎಪ್ಪತ್ತರ ದಶಕದಲ್ಲಿ ಬರೆದಂತೆ, ಒಂದೇ ವರ್ಗದವರಲ್ಲಿ ಗಂಡಸರಿಗಿಂತ ಹೆಂಗಸರು ಶಿಷ್ಟ ರೂಪಗಳನ್ನು ಹೆಚ್ಚು ಬಳಸುತ್ತಾರೆ. ಏಕೆ? ನನಗೆ ಒಪ್ಪಿಗೆಯಾಗುವ ಉತ್ತರ ಸೂಸನ್ ಗಾಲ್ 1978ರಲ್ಲಿ ಕೊಟ್ಟದ್ದು. ಆಸ್ಟ್ರಿಯಾದ ಗಡಿಭಾಗದಲ್ಲಿ ಓಬರ್‌ವಾರ್ಟ್ ಎಂಬ ಊರಿದೆ. ಅಲ್ಲಿನ ರೈತರ ಮನೆಮಾತು ಹಂಗೇರಿಯನ್, ಕಾರ್ಖಾನೆ ಕಚೇರಿಗಳದು ಜರ್ಮನ್. ತರುಣಿಯರು ತರುಣರಿಗಿಂತ ಬೇಗ ಜರ್ಮನ್‌ಗೆ ತಿರುಗಿದರು. ಗಂಡುಮಕ್ಕಳಿಗೆ ಹೊಲವಿತ್ತು, ಯಜಮಾನಿಕೆಯಿತ್ತು. ಹಂಗೇರಿಯನ್ ಮಾತಿನಲ್ಲಿ ಅವರಿಗೆ ಒಂದು ಗತ್ತು. ರೈತನ ಹೆಂಡತಿಗೆ ಇದ್ದದ್ದು ದನದ ಕೊಟ್ಟಿಗೆ, ಒಲೆ, ಅತ್ತೆ. ಹುಡುಗಿಯರು ರೈತರನ್ನು ಮದುವೆಯಾಗಲು ಒಪ್ಪಲಿಲ್ಲ. ಜರ್ಮನ್ ಮಾತು ಆ ಒಲ್ಲೆನೆಂಬುದರ ಒಂದು ಭಾಗವಾಗಿತ್ತು. ರೈತ ಹುಡುಗರು ಸುತ್ತಲಿನ ಊರುಗಳಿಂದ ಜರ್ಮನ್ ಮಾತ್ರ ಬಲ್ಲ ಹುಡುಗಿಯರನ್ನು ತಂದುಕೊಂಡರು, ಅವರ ಮಕ್ಕಳಿಗೆ ಹಂಗೇರಿಯನ್ ಬರದೇ ಹೋಯಿತು.

ಈ ಕಥೆ ಕೇಳುವಾಗ ನಿಮ್ಮಲ್ಲಿ ಕೆಲವರು ಒಬ್ಬರನ್ನೊಬ್ಬರು ನೋಡಿಕೊಂಡದ್ದನ್ನು ಕಂಡೆ. ರೈತ ಹುಡುಗನಿಗೆ ಹೆಣ್ಣು ಸಿಗುತ್ತಿಲ್ಲ ಎಂಬ ಮಾತು ನಮ್ಮ ಜಿಲ್ಲೆಗಳ ಪ್ರತಿ ಊರಿನಲ್ಲಿದೆ. ಹುಡುಗಿ ಪದವಿಗೆ ಬಂದು ವರ್ಷದೊಳಗೆ ಪುಸ್ತಕದ ಕನ್ನಡಕ್ಕೋ, ಬೆಂಗಳೂರಿನ ದಾಟಿಗೋ, ಇಂಗ್ಲಿಷಿಗೋ ಹೊರಳುತ್ತಾಳೆ. ಅವಳ ಅಣ್ಣ ಊರಿನ ಮಾತನ್ನು ಮೀಸೆಯಂತೆ ತಿರುವಿಕೊಂಡು ಓಡಾಡುತ್ತಾನೆ. ಇವಳಿಗೆ ಸೊಕ್ಕು ಬಂದಿದೆ ಎಂದು ಊರು ಹೇಳುತ್ತದೆ. ನಮ್ಮ ಉತ್ತರ ಕರ್ನಾಟಕದ ಮಾತಿನ ಮೇಲೆ ನನಗೆ ಅಪಾರ ಪ್ರೀತಿ. ಆದರೂ ಆ ಮಾತಿಗೆ ಅಂಟಿಕೊಂಡ ಕೊಟ್ಟಿಗೆ ಯಾರ ಪಾಲಿನದು, ಕಟ್ಟೆ ಯಾರ ಪಾಲಿನದು ಎಂದು ಕೇಳದೆ, ಭಾಷೆ ಉಳಿಸಿ ಎಂದು ಹುಡುಗಿಯರಿಗೆ ಉಪದೇಶ ಮಾಡಲು ನನಗೆ ಬಾಯಿ ಬರುವುದಿಲ್ಲ.

ಕೊನೆಗೆ ಗ್ರಾಮಸಭೆ. ಕರ್ನಾಟಕವು 1983ರ ಕಾಯ್ದೆಯಲ್ಲೇ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಶೇಕಡಾ 25ರಷ್ಟು ಸ್ಥಾನ ಮೀಸಲಿಟ್ಟಿತು. 1993ರ ಕಾಯ್ದೆಯಲ್ಲಿ ಮೂರನೆಯ ಒಂದು ಭಾಗ. 2010ರ ತಿದ್ದುಪಡಿಯಿಂದ ಅರ್ಧ. ಕುರ್ಚಿ ಬಂತು, ಮಾತು ಬಂತೇ? ಅಧ್ಯಕ್ಷೆಯ ಪಕ್ಕದಲ್ಲಿ ಕುಳಿತು ಉತ್ತರ ಕೊಡುವ ಗಂಡನನ್ನು ನಾವೆಲ್ಲ ನೋಡಿದ್ದೇವೆ. ಆದರೆ ಚಿತ್ರ ಅಷ್ಟೇ ಅಲ್ಲ. ತಮಿಳುನಾಡಿನ ಗ್ರಾಮಸಭೆಗಳಲ್ಲಿ ನಡೆದ ಮಾತನ್ನು ಅಕ್ಷರಕ್ಕಿಳಿಸಿ ಪರಿಶೀಲಿಸಿದ ಒಂದು ದೊಡ್ಡ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಹೆಂಗಸರು ಹೆಚ್ಚಿನ ಸಂಖ್ಯೆಯಲ್ಲಿ ಬಂದು ಕುಳಿತರೂ ಮಾತನಾಡುವುದು ಕಡಿಮೆ. ಮಾತನಾಡಿದರೂ ಅವರು ಎತ್ತಿದ ವಿಷಯ ಮುಂದುವರಿಯುವುದು ಕಡಿಮೆ. ಅಧಿಕಾರಿಗಳಿಂದ ವಿಷಯಕ್ಕೆ ತಕ್ಕ ಉತ್ತರ ಸಿಗುವುದೂ ಕಡಿಮೆ. ಅಧ್ಯಕ್ಷ ಸ್ಥಾನ ಹೆಂಗಸಿಗೆ ಮೀಸಲಾದ ಊರುಗಳಲ್ಲಿ ಉತ್ತರ ಸಿಗುವ ಸಂಭವ ಹೆಚ್ಚು. ಮಾತನಾಡುವ ಹೆಂಗಸರು ಎರಡೂ ಕಡೆ ಅಂಥವರೇ; ವೇದಿಕೆಯ ಮೇಲೆ ಕುಳಿತು ಕೇಳುವವರು ಮಾತ್ರ ಬೇರೆ.

ನಿಮ್ಮಲ್ಲಿ ಯಾರಾದರೂ ಕಿರು ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ನಿಮ್ಮ ಊರಿನ ಮುಂದಿನ ಗ್ರಾಮಸಭೆಗೆ ನೋಟ್‌ಬುಕ್ ಹಿಡಿದು ಹೋಗಿರಿ. ಯಾರು ಎಷ್ಟು ಹೊತ್ತು ಮಾತನಾಡಿದರು ಎನ್ನುವುದರ ಜೊತೆಗೆ ಮೈಕು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಕುಡಿಯುವ ನೀರಿನ ಪ್ರಶ್ನೆಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಉತ್ತರ ಕೊಟ್ಟರೇ ಅಥವಾ 'ಆಯಿತು ಯವ್ವಾ, ಕುಳಿತುಕೊಳ್ಳು' ಎಂದರೇ ಎಂದು ಬರೆದುಕೊಳ್ಳಿರಿ. ಪಟ್ಟಣದ ಭಾಷಾವಿಜ್ಞಾನಿಗಳು ಈ ಕೆಲಸ ಮಾಡಲಾರರು. ಅವರು ಬಂದರೆ ಸಭೆಯ ದನಿಯೇ ಬದಲಾಗುತ್ತದೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸುತ್ತೇನೆ. ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ಎದ್ದು ಕೇಳಿದಳು: ಉದ್ಯೋಗದ ಸಂದರ್ಶನಕ್ಕೆ ಹೋಗುವಾಗ ನಾವು 'ಅನಿಸುತ್ತದೆ' ಎನ್ನುವುದನ್ನು ಬಿಡಬೇಕೇ?

ನೇರವಾಗಿ ಹೌದು ಎನ್ನಲು ನನಗೆ ಆಗಲಿಲ್ಲ. ಲಿಂಡಾ ಕಾರ್ಲಿ ಎಂಬ ಮನೋವಿಜ್ಞಾನಿ 1990ರಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಹೆಂಗಸು ಹಿಂಜರಿಕೆಯ ದಾಟಿಯಲ್ಲಿ ಮಾತನಾಡಿದಾಗ ಕೇಳಿದ ಗಂಡಸರು ಹೆಚ್ಚು ಒಪ್ಪಿದರು, ಕೇಳಿದ ಹೆಂಗಸರು ಕಡಿಮೆ ಒಪ್ಪಿದರು. ಗಟ್ಟಿಯಾಗಿ ಮಾತನಾಡಿದಾಗ ತದ್ವಿರುದ್ಧ. ಗಂಡಸು ಹೇಗೆ ಮಾತನಾಡಿದರೂ ಕೇಳುವವರ ಮೇಲಿನ ಪರಿಣಾಮದಲ್ಲಿ ವ್ಯತ್ಯಾಸ ಬರಲಿಲ್ಲ. ಅಂದರೆ ಮೇಜಿನ ಆಚೆ ಯಾರು ಕುಳಿತಿದ್ದಾರೆ ಎಂಬುದರ ಮೇಲೆ ನಿನ್ನ 'ಅನಿಸುತ್ತದೆ'ಯ ಬೆಲೆ ಏರುತ್ತದೆ, ಇಳಿಯುತ್ತದೆ. ನಿನ್ನ ಪಕ್ಕದ ಕುರ್ಚಿಯ ಹುಡುಗನಿಗೆ ಈ ತೂಗಾಟವೇ ಇಲ್ಲ. ಆದ್ದರಿಂದ ಅವಳಿಗೆ ಒಂದು ಸಣ್ಣ ಸಲಹೆ ಮಾತ್ರ ಕೊಟ್ಟೆ: ಗೊತ್ತಿರುವ ಸಂಗತಿಗೆ, ಅಂದರೆ ಓದಿದ ವಿಷಯ, ಮಾಡಿದ ಕೆಲಸ, ಪಡೆದ ಅಂಕ ಇವಕ್ಕೆ, ಆ ಪದ ಬಳಸಬೇಡ, ಅಭಿಪ್ರಾಯ ಕೇಳಿದಾಗ ಧಾರಾಳವಾಗಿ ಬಳಸು, ಅಲ್ಲಿ ಅದು ಪ್ರಾಮಾಣಿಕ ಮಾತು. ಉಳಿದದ್ದನ್ನು ಮುಂದಿನ ಸಾಲಿನಲ್ಲಿದ್ದ ಅಧ್ಯಾಪಕರಿಗೆ ಹೇಳಿದೆ. ಆಯ್ಕೆ ಸಮಿತಿಗಳಲ್ಲಿ ನಾನೂ ಕುಳಿತಿದ್ದೇನೆ. ಅಂಕದ ಹಾಳೆಯಲ್ಲಿ ಆತ್ಮವಿಶ್ವಾಸ ಎಂಬ ಕಾಲಂ ಇರುತ್ತದೆ; ಅದರಲ್ಲಿ ಬೀಳುವ ಅಂಕ ಬಹುಮಟ್ಟಿಗೆ ಈ ದಾಟಿಯನ್ನು ಕೇಳಿಯೇ ಬೀಳುತ್ತದೆ. ಆ ಕಾಲಂ ತೆಗೆದು ಅದರ ಅಂಕವನ್ನು ವಿಷಯಜ್ಞಾನಕ್ಕೆ ಸೇರಿಸಿರಿ ಎಂದು ಕೇಳಿದ್ದೇನೆ. ಈವರೆಗೆ ಯಾವ ಸಮಿತಿಯೂ ಒಪ್ಪಿಲ್ಲ.